ಒಂದು ಕ್ಲಿಕ್ಕಿನ ಮೊಕದ್ದಮೆ: ಅಮೆಜಾನ್ ಮತ್ತು ಬಾರ್ನ್ಸ್ ಅಂಡ್ ನೋಬಲ್ ಪ್ರಕರಣದ ಅಧ್ಯಯನ

ಪ್ರತಿಸ್ಪರ್ಧಿಯ ತಂತ್ರಾಂಶದಲ್ಲಿರುವ ಸೌಲಭ್ಯ ನಮ್ಮದರಲ್ಲೂ ಇರಲೇಬೇಕು ಎಂದು ಮಾರಾಟ ವಿಭಾಗದವರು ಪಟ್ಟು ಹಿಡಿದಾಗ, ಪೇಟೆಂಟಿನ ಮಾತು ಬಂದರೆ ಎಂಜಿನಿಯರುಗಳು ಕೊಡುವ ಸಮಾಧಾನ ಹೆಚ್ಚಾಗಿ ಒಂದೇ: "ಅವರ ಕೋಡ್ ನಾವು ಕಣ್ಣಿಂದಲೂ ನೋಡಿಲ್ಲ, ಪ್ರತಿ ಸಾಲೂ ನಾವೇ ಬರೆದದ್ದು." ಕೃತಿಸ್ವಾಮ್ಯದ ತಕರಾರಿಗೆ ಈ ಉತ್ತರ ಸಾಕು. ಪೇಟೆಂಟಿಗೆ ಸಾಲದು. ಪೇಟೆಂಟ್ ಕಾನೂನು ನೀವು ನಕಲು ಮಾಡಿದಿರಾ ಎಂದು ಕೇಳುವುದೇ ಇಲ್ಲ. ಪೇಟೆಂಟ್ ಪತ್ರದಲ್ಲಿ ಬರೆದಿರುವ ಕೆಲಸವನ್ನು ನಿಮ್ಮ ತಂತ್ರಾಂಶ ಮಾಡುತ್ತದೆಯೇ ಇಲ್ಲವೇ, ಅಷ್ಟೇ ಅದಕ್ಕೆ ಬೇಕು. ನೀವು ಸ್ವತಂತ್ರವಾಗಿ ಯೋಚಿಸಿ ಕಟ್ಟಿದ್ದರೂ, ಪ್ರತಿಸ್ಪರ್ಧಿಯ ಹೆಸರನ್ನೇ ಕೇಳದಿದ್ದರೂ ಉಲ್ಲಂಘನೆ ಉಲ್ಲಂಘನೆಯೇ.

ಹಾಗಾದರೆ ಗೆಲುವು ಸೋಲು ಯಾವುದರ ಮೇಲೆ ನಿಂತಿರುತ್ತದೆ? 1999ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಮೊಕದ್ದಮೆಯೊಂದು ಈ ಪ್ರಶ್ನೆಗೆ ನನಗೆ ಗೊತ್ತಿರುವ ಎಲ್ಲಕ್ಕಿಂತ ಸ್ಪಷ್ಟವಾದ ಉತ್ತರ ಕೊಡುತ್ತದೆ. ಹಳೆಯದಾಯಿತು ಎಂದು ಅದನ್ನು ಬದಿಗಿಡುವವರಿದ್ದಾರೆ. ನನ್ನ ಪ್ರಕಾರ ಹಳೆಯದಾಗಿರುವುದೇ ಅದರ ಅನುಕೂಲ: ಪೇಟೆಂಟ್ ಹುಟ್ಟಿದ್ದು, ಹೊಡೆದಾಡಿದ್ದು, ಸವೆದದ್ದು, ಅವಧಿ ಮುಗಿದು ಸತ್ತದ್ದು ಎಲ್ಲವೂ ಈಗ ಕಣ್ಣ ಮುಂದಿದೆ.

ಎರಡು ಪುಸ್ತಕದಂಗಡಿಗಳು

ಅಮೆಜಾನ್ 1997ರ ಸೆಪ್ಟೆಂಬರಿನಲ್ಲಿ 'ಒನ್-ಕ್ಲಿಕ್' ಸೌಲಭ್ಯವನ್ನು ತನ್ನ ತಾಣಕ್ಕೆ ತಂದಿತು. ಒಮ್ಮೆ ವಿಳಾಸ, ಕ್ರೆಡಿಟ್ ಕಾರ್ಡ್ ವಿವರ ಕೊಟ್ಟ ಗ್ರಾಹಕ ಮುಂದಿನ ಸಲ ಪುಸ್ತಕದ ಪುಟದಲ್ಲಿರುವ ಒಂದು ಗುಂಡಿ ಒತ್ತಿದರೆ ಸಾಕು, ಆರ್ಡರ್ ಆಯಿತು. ಕಾರ್ಟ್ ತುಂಬುವುದು, ವಿಳಾಸ ಮತ್ತೆ ನೋಡುವುದು, 'ಮುಂದುವರಿ' ಎಂದು ಮೂರು ನಾಲ್ಕು ಪುಟ ದಾಟುವುದು ಯಾವುದೂ ಇಲ್ಲ. ಅದೇ ತಿಂಗಳ 12ರಂದು ಪೇಟೆಂಟಿಗೆ ಅರ್ಜಿ ಹೋಯಿತು. ಆವಿಷ್ಕಾರಕರ ಹೆಸರುಗಳು ನಾಲ್ಕು: ಪೆರಿ ಹಾರ್ಟ್‌ಮನ್, ಜೆಫ್ ಬೆಜೋಸ್, ಶೆಲ್ ಕಫಾನ್, ಜೋಯಲ್ ಸ್ಪೀಗೆಲ್.

ಬಾರ್ನ್ಸ್ ಅಂಡ್ ನೋಬಲ್ ಅಮೆರಿಕದ ಊರೂರಿನಲ್ಲಿ ದೊಡ್ಡ ಪುಸ್ತಕದಂಗಡಿಗಳನ್ನು ಇಟ್ಟುಕೊಂಡಿದ್ದ ಸಂಸ್ಥೆ. ಅಂತರ್ಜಾಲಕ್ಕೆ ಬಂದದ್ದು 1997ರಲ್ಲಿ, ಅಮೆಜಾನ್‌ಗಿಂತ ತಡವಾಗಿ. ಇಬ್ಬರಿಗೂ ಮೊದಲಿನಿಂದಲೇ ಆಗುತ್ತಿರಲಿಲ್ಲ. 'ಭೂಮಿಯ ಅತಿ ದೊಡ್ಡ ಪುಸ್ತಕದಂಗಡಿ' ಎಂದು ಅಮೆಜಾನ್ ತನ್ನನ್ನು ಕರೆದುಕೊಂಡದ್ದಕ್ಕೆ ಬಾರ್ನ್ಸ್ ಅಂಡ್ ನೋಬಲ್ 1997ರ ಮೇ ತಿಂಗಳಿನಲ್ಲಿ ಕೋರ್ಟಿಗೆ ಹೋಗಿತ್ತು. 1998ರ ಮೇನಲ್ಲಿ ಅದು ತನ್ನ ತಾಣದಲ್ಲಿ 'ಎಕ್ಸ್‌ಪ್ರೆಸ್ ಲೇನ್' ಎಂಬ ಸೌಲಭ್ಯ ತೆರೆಯಿತು. ಕೆಲಸ ಒನ್-ಕ್ಲಿಕ್ಕಿನದೇ. ಗುಂಡಿಯ ಬಳಿ ಗ್ರಾಹಕನಿಗೆ ಬರೆದಿದ್ದ ಮಾತು ಕೂಡ ಹೆಚ್ಚು ಕಡಿಮೆ ಅದೇ: ಒಂದೇ ಕ್ಲಿಕ್ಕಿನಲ್ಲಿ ಈಗಲೇ ಕೊಳ್ಳಿ. ಈ ಜಾಹೀರಾತಿನ ಸಾಲು ಆಮೇಲೆ ಅವರಿಗೇ ಮುಳುವಾಯಿತು. ನಮ್ಮ ವ್ಯವಸ್ಥೆಯಲ್ಲಿ ಒಂದಲ್ಲ, ಎರಡು ಕ್ಲಿಕ್ ಬೇಕು ಎಂದು ವಾದಿಸಲು ವಕೀಲರು ಎದ್ದು ನಿಂತಾಗ ಅವರದೇ ಪುಟ ಒಂದು ಕ್ಲಿಕ್ ಎಂದು ಸಾರುತ್ತಿತ್ತು.

ಹುಡುಕಿದ್ದರೂ ಸಿಗುತ್ತಿರಲಿಲ್ಲ

ಈ ಪ್ರಕರಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಾರಿಸಿಬಿಡುವ ಒಂದು ಸಂಗತಿಯಿದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ.

1998ರ ಮೇನಲ್ಲಿ ಎಕ್ಸ್‌ಪ್ರೆಸ್ ಲೇನ್ ತೆರೆದಾಗ ಉಲ್ಲಂಘಿಸಲು ಯಾವ ಪೇಟೆಂಟೂ ಇರಲಿಲ್ಲ. ಅಮೆಜಾನ್‌ನ ಅರ್ಜಿ ಕಚೇರಿಯ ಕಡತದಲ್ಲಿತ್ತು, ನಿಜ. ಆದರೆ ಆ ಕಾಲದ ಅಮೆರಿಕದಲ್ಲಿ ಪೇಟೆಂಟ್ ಅರ್ಜಿಗಳು ಮಂಜೂರಾಗುವವರೆಗೆ ಗುಪ್ತವಾಗಿರುತ್ತಿದ್ದವು. ಸಲ್ಲಿಸಿದ 18 ತಿಂಗಳಿಗೆ ಅರ್ಜಿಯನ್ನು ಪ್ರಕಟಿಸುವ ಪದ್ಧತಿ ಅಲ್ಲಿ ಬಂದದ್ದು 2000ದ ನವೆಂಬರ್ ಕೊನೆಯಿಂದ ಸಲ್ಲಿಕೆಯಾದ ಅರ್ಜಿಗಳಿಗೆ. ಅಂದರೆ ಬಾರ್ನ್ಸ್ ಅಂಡ್ ನೋಬಲ್‌ನ ತಂಡ ಎಷ್ಟೇ ಪ್ರಾಮಾಣಿಕವಾಗಿ ಹುಡುಕಿದ್ದರೂ, ಎಂಥ ವಕೀಲರನ್ನು ಕೂರಿಸಿಕೊಂಡಿದ್ದರೂ ಆ ಪತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

1999ರ ಸೆಪ್ಟೆಂಬರ್ 28ರಂದು ಪೇಟೆಂಟ್ ಮಂಜೂರಾಯಿತು. ಸಂಖ್ಯೆ 5,960,411. ಹದಿನಾರು ತಿಂಗಳಿಂದ ಯಾವ ತಕರಾರಿಲ್ಲದೆ ಓಡುತ್ತಿದ್ದ ಎಕ್ಸ್‌ಪ್ರೆಸ್ ಲೇನ್ ಆ ದಿನ ಬೆಳಗಾಗುವುದರೊಳಗೆ, ಒಂದು ಸಾಲು ಕೋಡ್ ಬದಲಾಗದೆಯೇ, ಆರೋಪಕ್ಕೆ ಗುರಿಯಾಗಬಹುದಾದ ವಸ್ತುವಾಯಿತು. 23 ದಿನ ಕಳೆದು, ಅಕ್ಟೋಬರ್ 21ಕ್ಕೆ, ಅಮೆಜಾನ್ ಸಿಯಾಟಲ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಇವತ್ತು ಸ್ಥಿತಿ ಸುಧಾರಿಸಿದೆ, ಪೂರ್ತಿ ಸರಿಹೋಗಿಲ್ಲ. ಪ್ರತಿಸ್ಪರ್ಧಿ ಹೋದ ತಿಂಗಳು ಸಲ್ಲಿಸಿದ ಅರ್ಜಿ ಇನ್ನೂ ಒಂದೂವರೆ ವರ್ಷ ಕತ್ತಲಲ್ಲಿರುತ್ತದೆ. ಹೊಸ ಸೌಲಭ್ಯ ಬಿಡುಗಡೆಯಾದ ಕೂಡಲೇ ಅದರಂತೆಯೇ ಕಟ್ಟಲು ಹೊರಡುವ ತಂಡ ಹುಡುಕಾಟ ನಡೆಸಿ 'ಏನೂ ಸಿಗಲಿಲ್ಲ' ಎಂದು ವರದಿ ಬರೆದರೆ, ಆ ವರದಿ ಸರಿಯಾಗಿ ಇಂಥ ಹೊಸ ಸೌಲಭ್ಯಗಳ ವಿಷಯದಲ್ಲೇ ಕುರುಡಾಗಿರುತ್ತದೆ.

ಕ್ಲೈಮ್ 1

ಪೇಟೆಂಟ್ ಪತ್ರದಲ್ಲಿ ಚಿತ್ರಗಳಿರುತ್ತವೆ, ಸಾರಾಂಶವಿರುತ್ತದೆ, ಪುಟಗಟ್ಟಲೆ ವಿವರಣೆ ಇರುತ್ತದೆ. ಮಾಧ್ಯಮದವರು ಓದುವುದು ಸಾರಾಂಶವನ್ನು; 'ಒಂದು ಕ್ಲಿಕ್ಕಿಗೆ ಪೇಟೆಂಟ್ ಕೊಟ್ಟರಂತೆ' ಎಂಬ ಸುದ್ದಿ ಹುಟ್ಟುವುದು ಹಾಗೆ. ಕಾನೂನಿಗೆ ಲೆಕ್ಕ ಕೊನೆಯಲ್ಲಿರುವ ಕ್ಲೈಮುಗಳು, ಅಂದರೆ ಯಾವುದರ ಮೇಲೆ ಹಕ್ಕು ಎಂದು ಅಂಶ ಅಂಶವಾಗಿ ಹೇಳುವ ವಾಕ್ಯಗಳು, ಮಾತ್ರ. ಈ ಪೇಟೆಂಟಿನಲ್ಲಿ ಅವು 26.

ಮೊದಲನೆಯದನ್ನು ಬಿಡಿಸಿ ಹೇಳಿದರೆ ಹೀಗೆ. ಗ್ರಾಹಕನ ಯಂತ್ರದ ಮೇಲೆ ವಸ್ತುವಿನ ವಿವರ ಕಾಣಿಸಬೇಕು. ಆತ ಒಂದೇ ಒಂದು ಕ್ರಿಯೆ ಮಾಡಿದಾಗ, ಆ ವಸ್ತುವಿನ ಕೋರಿಕೆಯೂ ಕೊಳ್ಳುವವ ಯಾರೆಂಬ ಗುರುತೂ ಸರ್ವರಿಗೆ ಹೋಗಬೇಕು. ಸರ್ವರು ಆ ಗುರುತಿನಿಂದ, ಮೊದಲೇ ಉಳಿಸಿಟ್ಟ ವಿವರಗಳನ್ನು ಹೊರತೆಗೆಯಬೇಕು. ಅವನ್ನು ಬಳಸಿ ಆರ್ಡರ್ ತಯಾರಿಸಬೇಕು. ಆ ಆರ್ಡರನ್ನು ಪೂರೈಸಬೇಕು. ಇದೆಲ್ಲ ಶಾಪಿಂಗ್ ಕಾರ್ಟ್ ಪದ್ಧತಿಯನ್ನು ಬಳಸದೆ ನಡೆಯಬೇಕು.

ಈ ಅಂಶಗಳಲ್ಲಿ ಯಾವುದೂ ಒಂಟಿಯಾಗಿ ಹೊಸದಲ್ಲ. ಗ್ರಾಹಕನ ಗುರುತು ಹಿಡಿಯಲು ಅವನ ಯಂತ್ರದಲ್ಲೇ ಉಳಿಸುವ ಸಣ್ಣ ದತ್ತಾಂಶವಾದ ಕುಕಿ 1994ರಿಂದ ನೆಟ್‌ಸ್ಕೇಪ್ ಬ್ರೌಸರಿನಲ್ಲಿತ್ತು. ಗ್ರಾಹಕನ ವಿವರಗಳನ್ನು ಡೇಟಾಬೇಸಿನಲ್ಲಿ ಇಡುವುದು ಅದಕ್ಕಿಂತ ಎಷ್ಟೋ ಹಳೆಯದು. ಪೇಟೆಂಟ್ ಸಿಕ್ಕಿದ್ದು ಜೋಡಣೆಗೆ. ಹಾಗಾಗಿ 'ಇದರಲ್ಲಿ ಎಲ್ಲವೂ ಹಳೆಯದೇ' ಎಂದು ಗೊಣಗಿ ಕೂತರೆ ಏನೂ ಸಾಧಿಸಿದಂತಾಗುವುದಿಲ್ಲ.

ಕ್ಲೈಮಿನ ನಿಯಮ ಕಟ್ಟುನಿಟ್ಟು, ಎರಡೂ ಕಡೆಗೆ. ಪಟ್ಟಿಯಲ್ಲಿರುವ ಅಷ್ಟೂ ಅಂಶಗಳು ನಿಮ್ಮ ತಂತ್ರಾಂಶದಲ್ಲಿದ್ದರೆ, ನೀವು ಮೇಲೆ ಇನ್ನೂ ಐವತ್ತು ಹೊಸ ಗುಣ ಸೇರಿಸಿದ್ದರೂ ಉಲ್ಲಂಘನೆ. ಒಂದೇ ಒಂದು ಅಂಶವಾಗಲಿ, ಅದಕ್ಕೆ ಸರಿಸಮನಾದದ್ದಾಗಲಿ ಇಲ್ಲದಿದ್ದರೆ, ಉಳಿದದ್ದೆಲ್ಲ ಅಚ್ಚೊತ್ತಿದಂತೆ ಹೋಲಿದರೂ ಉಲ್ಲಂಘನೆ ಇಲ್ಲ. ತೆರೆಯ ಮೇಲಿನ ಹೋಲಿಕೆ ನೋಡಿ ಹೆದರುವ ತಂಡಗಳನ್ನೂ ತೆರೆ ಬೇರೆ ಕಾಣುತ್ತದೆಂದು ಧೈರ್ಯ ತಂದುಕೊಳ್ಳುವ ತಂಡಗಳನ್ನೂ ನಾನು ಕಂಡಿದ್ದೇನೆ. ಇಬ್ಬರೂ ನೋಡುತ್ತಿರುವುದು ತಪ್ಪು ಕಾಗದ.

41 ದಿನ

ಅಮೆಜಾನ್ ದಾವೆ ಹೂಡಿದ್ದು ಅಕ್ಟೋಬರ್ ಕೊನೆಯಲ್ಲಿ ಎಂಬುದನ್ನು ಗಮನಿಸಬೇಕು. ಅಮೆರಿಕದಲ್ಲಿ ಪುಸ್ತಕದ ವ್ಯಾಪಾರ ಉಕ್ಕುವುದು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ. ಪೂರ್ಣ ವಿಚಾರಣೆಗೆ ವರ್ಷಗಳೇ ಹಿಡಿಯುತ್ತವೆ. ಅಮೆಜಾನ್ ಕೇಳಿದ್ದು ತಾತ್ಕಾಲಿಕ ತಡೆಯಾಜ್ಞೆ: ತೀರ್ಪು ಯಾವಾಗ ಬರುತ್ತದೋ ಬರಲಿ, ಅಲ್ಲಿಯವರೆಗೆ ಎಕ್ಸ್‌ಪ್ರೆಸ್ ಲೇನ್ ಮುಚ್ಚಿಸಿ.

ಬಾರ್ನ್ಸ್ ಅಂಡ್ ನೋಬಲ್ ಎರಡು ದಾರಿಯಲ್ಲಿ ಎದುರಿಸಿತು. ಒಂದು, ನಾವು ಉಲ್ಲಂಘಿಸಿಲ್ಲ. ಇನ್ನೊಂದು, ಈ ಪೇಟೆಂಟೇ ಸಿಂಧುವಲ್ಲ.

ಮೊದಲ ವಾದ ನಿಂತದ್ದು ಎಣಿಕೆಯ ಮೇಲೆ. 'ಒಂದೇ ಕ್ರಿಯೆ' ಎಂದರೆ ಎಲ್ಲಿಂದ ಎಣಿಸಬೇಕು? ಗ್ರಾಹಕ ಪುಸ್ತಕಗಳ ಪಟ್ಟಿಯ ಪುಟದಿಂದ ಪುಸ್ತಕದ ಪುಟಕ್ಕೆ ಬರಲು ಒಮ್ಮೆ ಒತ್ತಬೇಕು, ಕೊಳ್ಳಲು ಇನ್ನೊಮ್ಮೆ, ಒಟ್ಟು ಎರಡಾಯಿತಲ್ಲ ಎಂದರು. ಇದು ಜಾಣತನದ ವಾದವಾಗಿತ್ತು, ಬಲವಾದ ವಾದವಾಗಿರಲಿಲ್ಲ. ಕ್ಲೈಮಿನಲ್ಲಿ ಮೊದಲು ವಸ್ತುವಿನ ವಿವರ ತೋರಿಸುವುದು, ಆಮೇಲೆ ಒಂದು ಕ್ರಿಯೆ ಎಂಬ ಕ್ರಮವಿದೆ. ಎಣಿಕೆ ಶುರುವಾಗುವುದು ವಿವರ ಕಂಡ ಮೇಲೆ. ಜಿಲ್ಲಾ ನ್ಯಾಯಾಲಯವೂ, ಮುಂದೆ ಮೇಲ್ಮನವಿ ನ್ಯಾಯಾಲಯವೂ ಇದನ್ನು ಒಪ್ಪಲಿಲ್ಲ.

ಎರಡನೇ ವಾದಕ್ಕೆ, ಅಂದರೆ ಪೇಟೆಂಟ್ ಕೊಡುವಂಥ ಹೊಸತನ ಇದರಲ್ಲಿಲ್ಲ ಎಂಬುದಕ್ಕೆ, ಅವರು ಹಳೆಯ ವ್ಯವಸ್ಥೆಗಳ ಪುರಾವೆ ತಂದರು. ಜಿಲ್ಲಾ ನ್ಯಾಯಾಧೀಶೆ ಮಾರ್ಷಾ ಪೆಕ್ಮನ್ ಅವರಿಗೆ ಅದು ಸಾಲದೆನಿಸಿತು. ಒನ್-ಕ್ಲಿಕ್ಕಿನ ವಾಣಿಜ್ಯ ಯಶಸ್ಸನ್ನೂ ಇತರರು ಅದನ್ನು ಅನುಸರಿಸಿದ್ದನ್ನೂ ಅವರು ಅಮೆಜಾನ್ ಪರವಾಗಿ ತೂಗಿದರು. ಅನುಸರಣೆಯ ಮಾತು ಬರುವುದು ಇಲ್ಲೇ. ನಕಲು ಮಾಡಿದ್ದು ಉಲ್ಲಂಘನೆಗೆ ಬೇಕಾದ ಅಂಶವಲ್ಲ, ಸರಿ. ಆದರೆ 'ಇದು ಯಾರಿಗಾದರೂ ಹೊಳೆಯುವ ಸಾಮಾನ್ಯ ವಿಚಾರ' ಎಂದು ನೀವು ವಾದಿಸಹೊರಟಾಗ, 'ಅಷ್ಟು ಸಾಮಾನ್ಯವಾಗಿದ್ದರೆ ನಮ್ಮದನ್ನು ನೋಡುವವರೆಗೆ ನಿಮಗೇಕೆ ಹೊಳೆಯಲಿಲ್ಲ?' ಎಂಬ ತಿರುಗುಬಾಣ ಅದರಿಂದ ಸಿಗುತ್ತದೆ. ತಂಡದ ಒಳಗಿನ ಇಮೇಲುಗಳಲ್ಲಿ 'ಅವರದರಂತೆಯೇ ಮಾಡೋಣ' ಎಂಬ ಸಾಲು ಎಲ್ಲಿ ನೋವು ಕೊಡುತ್ತದೆ ಎಂದರೆ ಇಲ್ಲಿ.

1999ರ ಡಿಸೆಂಬರ್ 1ರಂದು ತಡೆಯಾಜ್ಞೆ ಬಂತು. ದಾವೆ ಹೂಡಿ 41ನೇ ದಿನ. ಕ್ರಿಸ್‌ಮಸ್‌ಗೆ ಇನ್ನೂ ಮೂರೂವರೆ ವಾರ.

ಐವತ್ತು ಸೆಂಟಿನ ಷೇರು ನಕ್ಷೆ

ಮೇಲ್ಮನವಿ ಹೋದದ್ದು ವಾಷಿಂಗ್ಟನ್‌ನ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯಕ್ಕೆ. ಅಮೆರಿಕದ ಪೇಟೆಂಟ್ ಮೇಲ್ಮನವಿಗಳೆಲ್ಲ ಅಲ್ಲಿಗೇ ಹೋಗುತ್ತವೆ. 2001ರ ಫೆಬ್ರವರಿ 14ರ ತೀರ್ಪನ್ನು ಬರೆದವರು ನ್ಯಾಯಾಧೀಶ ಕ್ಲೆವೆಂಜರ್. ತಂತ್ರಾಂಶ ಬರೆಯುವವರು ಪೂರ್ತಿ ಓದಬಹುದಾದ ಕೆಲವೇ ತೀರ್ಪುಗಳಲ್ಲಿ ಇದೊಂದು. ಭಾಷೆ ತಿಳಿಯಾಗಿದೆ, ಉದಾಹರಣೆಗಳು ಕೈಗೆ ಸಿಗುವಂತಿವೆ.

ತೀರ್ಪಿನ ತಿರುವು ಕಂಪ್ಯುಸರ್ವ್‌ನ 'ಟ್ರೆಂಡ್' ಎಂಬ ಸೇವೆ. ವೆಬ್ ಮನೆಮಾತಾಗುವ ಮೊದಲು ಕಂಪ್ಯುಸರ್ವ್ ದೂರವಾಣಿ ತಂತಿಯ ಮೇಲೆ ತನ್ನದೇ ಜಾಲ ನಡೆಸುತ್ತಿತ್ತು. 1990ರ ದಶಕದ ನಡುವಿನಲ್ಲಿ ಟ್ರೆಂಡ್ ಮೂಲಕ ಚಂದಾದಾರರು ಕಂಪನಿಗಳ ಷೇರು ಬೆಲೆಯ ನಕ್ಷೆಗಳನ್ನು ಕೊಳ್ಳಬಹುದಿತ್ತು. ಒಂದು ನಕ್ಷೆಗೆ 50 ಸೆಂಟ್ ಹೆಚ್ಚುವರಿ ಶುಲ್ಕ. ತೆರೆಯ ಮೇಲೆ ನಕ್ಷೆಯ ಗುಂಡಿ, ಪಕ್ಕದಲ್ಲೇ ಬೆಲೆ. ಒತ್ತಿದರೆ ನಕ್ಷೆ ಬಂತು, ಖಾತೆಗೆ 50 ಸೆಂಟ್ ಬಿತ್ತು. ಗ್ರಾಹಕ ಯಾರೆಂಬುದು ಲಾಗಿನ್ ಆದಾಗಲೇ ಗೊತ್ತಾಗಿತ್ತು.

ಇದು ವೆಬ್ ಅಲ್ಲವಲ್ಲ ಎಂಬುದು ಅಮೆಜಾನ್‌ನ ವಾದ. ಮೇಲ್ಮನವಿ ನ್ಯಾಯಾಲಯ ಪೇಟೆಂಟನ್ನು ತೆಗೆದು ನೋಡಿತು: ಕ್ಲೈಮಿನಲ್ಲಿ ವೆಬ್ ಎಂಬ ಮಾತೇ ಇಲ್ಲ, ಅಂತರ್ಜಾಲವೂ ಇಲ್ಲ. ಇರುವುದು ಗ್ರಾಹಕನ ಯಂತ್ರ ಮತ್ತು ಸರ್ವರ್. ಹೆಚ್ಚು ಜನರನ್ನು ಹಿಡಿಯಲೆಂದು ಅಗಲವಾಗಿ ಬರೆದ ಕ್ಲೈಮ್, ಅದೇ ಅಗಲದಿಂದಾಗಿ ಹಳೆಯ ಟ್ರೆಂಡನ್ನೂ ಒಳಗೆ ಬಿಟ್ಟುಕೊಂಡಿತು.

ನ್ಯಾಯಾಲಯ ಇಲ್ಲಿ ಹಳೆಯ ತೀರ್ಪೊಂದರ ಉಪಮೆ ನೆನೆಯಿತು: ಪೇಟೆಂಟನ್ನು ಮೇಣದ ಮೂಗಿನಂತೆ, ಉಲ್ಲಂಘನೆಗೆ ಒಂದು ಕಡೆ, ಸಿಂಧುತ್ವಕ್ಕೆ ಇನ್ನೊಂದು ಕಡೆ ತಿರುಚುವಂತಿಲ್ಲ. ಕ್ಲೈಮಿಗೆ ಅರ್ಥ ಒಂದೇ. ಎಕ್ಸ್‌ಪ್ರೆಸ್ ಲೇನನ್ನು ಹಿಡಿಯಲು ಎಷ್ಟು ಅಗಲ ಮಾಡುತ್ತೀರೋ, ಹಿಂದಿನ ವ್ಯವಸ್ಥೆಗಳ ಎದುರಿಗೂ ಅಷ್ಟೇ ಅಗಲವಾಗಿ ನಿಲ್ಲಬೇಕು. ಪ್ರತಿಸ್ಪರ್ಧಿಯ ಪೇಟೆಂಟಿಗೆ ಹೆದರುವ ತಂಡದ ಕೈಯಲ್ಲಿರುವ ಅತ್ಯಂತ ಹರಿತವಾದ ಆಯುಧ ಇದು ಎಂದು ನನ್ನ ಅಭಿಪ್ರಾಯ. ನಿಮ್ಮನ್ನು ಸಿಕ್ಕಿಸಲು ಅವರು ಯಾವ ಅರ್ಥ ಹೇಳುತ್ತಾರೋ, ಮೊದಲು ಅದನ್ನು ಕೇಳಿಸಿಕೊಳ್ಳಿ. ಆಮೇಲೆ ಆ ಅರ್ಥದೊಳಗೆ ಅರ್ಜಿಯ ದಿನಾಂಕಕ್ಕಿಂತ ಹಿಂದಿನ ಏನೇನು ಬೀಳುತ್ತದೆ ಎಂದು ಹುಡುಕಿ.

ಉಳಿದ ಪುರಾವೆಗಳೂ ಇದ್ದವು: ವೆಬ್-ಬಾಸ್ಕೆಟ್ ಎಂಬ ತಂತ್ರಾಂಶ, 'ತಕ್ಷಣ ಕೊಳ್ಳಿ' ಗುಂಡಿಯನ್ನು ವಿವರಿಸುವ ಒಂದು ಪುಸ್ತಕದ ಭಾಗ, ಚಿತ್ರದ ಮೇಲೆ ಒಮ್ಮೆ ಒತ್ತಿದರೆ ಸಾಮಾನು ಆರ್ಡರ್ ಆಗುತ್ತದೆ ಎನ್ನುವ ಆಲಿವರ್ಸ್ ಮಾರ್ಕೆಟ್ ಎಂಬ ಅಂಗಡಿಯ ವೆಬ್ ಪುಟ. ಇವುಗಳಿಗಿಂತ ಕುತೂಹಲದ್ದು ತಜ್ಞ ಸಾಕ್ಷಿಯ ಪ್ರಸಂಗ. ಬಾರ್ನ್ಸ್ ಅಂಡ್ ನೋಬಲ್ ಪರ ಬಂದ ತಜ್ಞರು ಪಾಟೀಸವಾಲಿನಲ್ಲಿ, ಹಳೆಯ ವ್ಯವಸ್ಥೆಯನ್ನು ಒಂದೇ ಕ್ರಿಯೆಗೆ ಇಳಿಸಬಹುದೆಂದು ತಮಗೆ ಆಗ ಹೊಳೆದಿರಲಿಲ್ಲ ಎಂದು ಒಪ್ಪಿಕೊಂಡಿದ್ದರು. ಜಿಲ್ಲಾ ನ್ಯಾಯಾಲಯ ಇದಕ್ಕೆ ಬಹಳ ಬೆಲೆ ಕೊಟ್ಟಿತ್ತು. ಮೇಲಿನ ನ್ಯಾಯಾಲಯ ಕೊಡಲಿಲ್ಲ. ಒಬ್ಬ ವ್ಯಕ್ತಿಗೆ ಏನು ಹೊಳೆಯಿತು, ಹೊಳೆಯಲಿಲ್ಲ ಎಂಬುದು ಅಳತೆಗೋಲಲ್ಲ. ಆ ಕ್ಷೇತ್ರದ ಸಾಮಾನ್ಯ ಕುಶಲಿಗೆ ಇದು ಸಹಜವಾಗಿ ಹೊಳೆಯುತ್ತಿತ್ತೇ ಎಂಬುದು ಅಳತೆಗೋಲು.

ಹಾಗೆಂದು ನ್ಯಾಯಾಲಯ ಪೇಟೆಂಟನ್ನು ರದ್ದು ಮಾಡಲಿಲ್ಲ. ಉಲ್ಲಂಘನೆಯ ವಿಷಯದಲ್ಲಿ ಅಮೆಜಾನ್ ಗೆಲ್ಲುವ ಸಾಧ್ಯತೆ ಇದೆ ಎಂದೇ ಹೇಳಿತು. ಆದರೆ ಸಿಂಧುತ್ವದ ಬಗ್ಗೆ ಗಂಭೀರ ಪ್ರಶ್ನೆ ಎದ್ದಿದೆ, ತಾತ್ಕಾಲಿಕ ತಡೆಯಾಜ್ಞೆ ತಪ್ಪಿಸಲು ಅಷ್ಟು ಸಾಕು ಎಂದಿತು. ಪೇಟೆಂಟನ್ನು ಕೊನೆಯ ತೀರ್ಪಿನಲ್ಲಿ ಉರುಳಿಸಬೇಕಾದರೆ ಬೇಕಾಗುವ ಪುರಾವೆಯ ಮಟ್ಟ ಬಹಳ ಎತ್ತರದ್ದು. ಆರಂಭದ ತಡೆಯಾಜ್ಞೆಯನ್ನು ತಪ್ಪಿಸಲು ಅದು ಅಲುಗಾಡುತ್ತಿದೆ ಎಂದು ತೋರಿಸಿದರೆ ಆಗುತ್ತದೆ. ತಡೆಯಾಜ್ಞೆ ತೆರವಾಯಿತು, ಪ್ರಕರಣ ಸಿಯಾಟಲ್‌ಗೆ ಮರಳಿತು. 2002ರ ಮಾರ್ಚ್‌ನಲ್ಲಿ ಇಬ್ಬರೂ ಷರತ್ತುಗಳನ್ನು ಬಹಿರಂಗಪಡಿಸದೆ ರಾಜಿಯಾದರು.

ಕಾನೂನಿನ ಪುಸ್ತಕದಲ್ಲಿ ಇದು ಬಾರ್ನ್ಸ್ ಅಂಡ್ ನೋಬಲ್‌ಗೆ ಸಿಕ್ಕ ಗೆಲುವು. ವ್ಯಾಪಾರದ ಪುಸ್ತಕದಲ್ಲಿ ಲೆಕ್ಕ ಬೇರೆ. ಗೆಲ್ಲುವ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದಿತ್ತು, ಎರಡು ಕ್ರಿಸ್‌ಮಸ್ ಹೋಗಿತ್ತು. ಟ್ರೆಂಡ್‌ನ ಪುರಾವೆಯ ತೂಕ ಡಿಸೆಂಬರ್ 1999ರಲ್ಲೇ ನ್ಯಾಯಾಲಯಕ್ಕೆ ಮನವರಿಕೆಯಾಗಿದ್ದರೆ ಆಜ್ಞೆ ಹೊರಡುತ್ತಲೇ ಇರಲಿಲ್ಲ. 41 ದಿನದಲ್ಲಿ ಪ್ರಯರ್ ಆರ್ಟ್ (ಅರ್ಜಿಯ ದಿನಾಂಕಕ್ಕಿಂತ ಹಿಂದಿನ ಇಂಥ ವ್ಯವಸ್ಥೆಗಳ ಪುರಾವೆ) ಹುಡುಕಿ, ಸಾಕ್ಷಿಗಳನ್ನು ಹಿಡಿದು, ಕ್ಲೈಮಿನ ಅಂಶಗಳಿಗೆ ಒಂದೊಂದಾಗಿ ಹೊಂದಿಸಿ ತೋರಿಸುವುದು ಯಾರಿಗೂ ಸುಲಭವಲ್ಲ. ಅಮೆಜಾನ್‌ನ ನಿಜವಾದ ಬಲ ಪೇಟೆಂಟಿಗಿಂತ ಹೆಚ್ಚಾಗಿ ಆ ಪಂಚಾಂಗದಲ್ಲಿತ್ತು.

ಎರಡನೇ ಕ್ಲಿಕ್

ತಡೆಯಾಜ್ಞೆ ಬಂದಾಗ ಬಾರ್ನ್ಸ್ ಅಂಡ್ ನೋಬಲ್ ಏನು ಮಾಡಿತು? ಗುಂಡಿ ಒತ್ತಿದ ಮೇಲೆ ಆರ್ಡರನ್ನು ಖಚಿತಪಡಿಸಲು ಇನ್ನೊಂದು ಹೆಜ್ಜೆ ಸೇರಿಸಿತು. ಹಾಗೆ ಮಾಡಿದರೆ ಉಲ್ಲಂಘನೆ ತಪ್ಪುತ್ತದೆ ಎಂದು ತಡೆಯಾಜ್ಞೆಯ ಆದೇಶದಲ್ಲೇ ಸೂಚನೆಯಿತ್ತು. ಕ್ಲೈಮಿನಲ್ಲಿ 'ಒಂದೇ ಕ್ರಿಯೆ' ಎಂದಿದೆ. ಎರಡು ಕ್ರಿಯೆ ಬೇಕಾದ ವ್ಯವಸ್ಥೆ ಅದರ ಹೊರಗೆ.

ಈ ಹೆಜ್ಜೆಯನ್ನು ಗೇಲಿ ಮಾಡಿದವರು ಬಹಳ. ನನಗೆ ಅದು ಈ ಇಡೀ ಪ್ರಕರಣದ ಅತ್ಯಂತ ವಿವೇಕದ ಕೆಲಸವಾಗಿ ಕಾಣುತ್ತದೆ. ಸೇವೆ ನಿಲ್ಲಲಿಲ್ಲ, ಉಳಿಸಿಟ್ಟ ವಿವರಗಳಿಂದ ಬೇಗ ಕೊಳ್ಳುವ ಅನುಕೂಲ ಹೆಚ್ಚಿನ ಮಟ್ಟಿಗೆ ಉಳಿಯಿತು, ಹೋದದ್ದು ಒಂದು ಒತ್ತು. ಕ್ಲೈಮಿನ ಯಾವ ಅಂಶವನ್ನು ಬಿಟ್ಟರೆ ನಮ್ಮ ಗ್ರಾಹಕನಿಗೆ ಎಲ್ಲಕ್ಕಿಂತ ಕಡಿಮೆ ನಷ್ಟ ಎಂಬ ಪ್ರಶ್ನೆಗೆ ವಕೀಲರು ಒಬ್ಬರೇ ಉತ್ತರ ಹೇಳಲಾರರು, ಎಂಜಿನಿಯರು ಜೊತೆಗೆ ಕೂರಬೇಕು. ಈ ಪ್ರಶ್ನೆಯನ್ನು ತಡೆಯಾಜ್ಞೆಯ ಮರುದಿನದ ಬದಲು ಪೇಟೆಂಟ್ ಮಂಜೂರಾದ ವಾರದಲ್ಲಿ ಕೇಳಿದ್ದರೆ ಬಾರ್ನ್ಸ್ ಅಂಡ್ ನೋಬಲ್‌ಗೆ ಎರಡು ಆವೃತ್ತಿಗಳನ್ನೂ ಸಿದ್ಧವಾಗಿಟ್ಟುಕೊಂಡು ಹೋರಾಡುವ ಆಯ್ಕೆ ಇರುತ್ತಿತ್ತು. ಆಪಲ್ ಮತ್ತೊಂದು ದಾರಿ ಹಿಡಿಯಿತು: 2000ದ ಸೆಪ್ಟೆಂಬರಿನಲ್ಲಿ ಅಮೆಜಾನ್‌ನಿಂದ ಒನ್-ಕ್ಲಿಕ್ಕಿನ ಪರವಾನಗಿ ಪಡೆಯಿತು. ಆಪಲ್‌ಗೆ ಅದು ಸುಲಭವಾಯಿತು, ಅದು ಪುಸ್ತಕ ಮಾರುತ್ತಿರಲಿಲ್ಲ. ನೇರ ಪ್ರತಿಸ್ಪರ್ಧಿಗೆ ಪರವಾನಗಿ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಇಲ್ಲೊಂದು ಉಪಕಥೆ. ಪ್ರತಿಸ್ಪರ್ಧಿಯ ಪೇಟೆಂಟುಗಳನ್ನು ಓದಲೇಬೇಡಿ ಎಂದು ಅಮೆರಿಕದ ಅನೇಕ ಕಂಪನಿಗಳು ಎಂಜಿನಿಯರುಗಳಿಗೆ ಹೇಳುತ್ತವೆ. ಕಾರಣ, ಗೊತ್ತಿದ್ದೂ ಉಲ್ಲಂಘಿಸಿದರೆ ನ್ಯಾಯಾಲಯ ಪರಿಹಾರವನ್ನು ಮೂರು ಪಟ್ಟಿನವರೆಗೆ ಏರಿಸಬಹುದು. 2016ರ ಹೇಲೋ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಇನ್ನಷ್ಟು ಸಡಿಲಗೊಳಿಸಿತು. ಕಣ್ಣು ಮುಚ್ಚಿಕೊಳ್ಳುವ ಈ ಸಲಹೆಯನ್ನು ಅಕ್ಷರಶಃ ಪಾಲಿಸುವುದು ನನಗೆ ಒಪ್ಪಿಗೆಯಿಲ್ಲ. ತಂಡದವರು ಮನಸ್ಸಿಗೆ ಬಂದಂತೆ ಓದಿ ಚಾಟಿನಲ್ಲಿ 'ಇದು ನಮ್ಮದಕ್ಕೂ ಅನ್ವಯಿಸುತ್ತೆ ಅನ್ಸುತ್ತೆ' ಎಂದು ಬರೆಯುವುದು ಅಪಾಯ, ನಿಜ. ವಕೀಲರ ಮೂಲಕ, ಅವರ ಗೋಪ್ಯತೆಯ ರಕ್ಷಣೆಯಲ್ಲಿ, ಆಯ್ದ ಕೆಲವು ಪೇಟೆಂಟುಗಳ ಕ್ಲೈಮುಗಳನ್ನು ಓದುವುದು ಬೇರೆ ಕೆಲಸ. ಪ್ರತಿಸ್ಪರ್ಧಿಯ ನೋಟಿಸ್ ಬಂದ ಮೇಲಂತೂ ಗೊತ್ತಿರಲಿಲ್ಲ ಎಂಬ ಮಾತಿಗೆ ಜಾಗವೇ ಇಲ್ಲ.

ಆಮೇಲೆ

ಕೋರ್ಟಿನ ಹೊರಗಿನ ಗದ್ದಲವೂ ಸಣ್ಣದಾಗಿರಲಿಲ್ಲ. 1999ರ ಡಿಸೆಂಬರಿನಲ್ಲೇ ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಅಮೆಜಾನ್ ಬಹಿಷ್ಕಾರಕ್ಕೆ ಕರೆಕೊಟ್ಟರು. ತಂತ್ರಜ್ಞಾನ ಪುಸ್ತಕಗಳ ಪ್ರಕಾಶಕ ಟಿಮ್ ಒ'ರೈಲಿ ಬಹಿರಂಗ ಪತ್ರ ಬರೆದರು. 2000ದ ಮಾರ್ಚ್‌ನಲ್ಲಿ ಬೆಜೋಸ್ ಉತ್ತರಿಸುತ್ತ, ಪೇಟೆಂಟನ್ನು ಬಿಡುವುದಿಲ್ಲವೆಂದೂ, ಆದರೆ ತಂತ್ರಾಂಶ ಹಾಗೂ ವ್ಯಾಪಾರ ವಿಧಾನದ ಪೇಟೆಂಟುಗಳ ಆಯುಸ್ಸನ್ನು ಮೂರರಿಂದ ಐದು ವರ್ಷಕ್ಕೆ ಇಳಿಸಬೇಕೆಂದೂ, ಮಂಜೂರಾತಿಗೆ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದೂ ಸೂಚಿಸಿದರು. ತಡೆಯಾಜ್ಞೆ ಕೈಯಲ್ಲಿ ಹಿಡಿದುಕೊಂಡು ಸುಧಾರಣೆಯ ಮಾತಾಡುವುದು ಹಿತವಾಗಿಯೇ ಇರುತ್ತದೆ.

2006ರಲ್ಲಿ ನ್ಯೂಜಿಲೆಂಡಿನ ನಟರೊಬ್ಬರು ಜನರಿಂದ ಚಂದಾ ಎತ್ತಿ ಶುಲ್ಕ ಕಟ್ಟಿ, ಪೇಟೆಂಟಿನ ಮರುಪರಿಶೀಲನೆಗೆ ಅರ್ಜಿ ಹಾಕಿದರು. 2007ರ ಅಕ್ಟೋಬರಿನಲ್ಲಿ ಪೇಟೆಂಟ್ ಕಚೇರಿಯ ಪರೀಕ್ಷಕರು ಹೆಚ್ಚಿನ ಕ್ಲೈಮುಗಳನ್ನು ತಳ್ಳಿಹಾಕಿದರು. ಅಮೆಜಾನ್ ಅಗಲವಾಗಿದ್ದ ಕ್ಲೈಮುಗಳನ್ನು, ಒನ್-ಕ್ಲಿಕ್ಕಿನ ಜೊತೆಗೆ ಶಾಪಿಂಗ್ ಕಾರ್ಟ್ ಕೂಡ ಇರುವ ವ್ಯವಸ್ಥೆಗೆ ಸೀಮಿತವಾಗುವಂತೆ ತಿದ್ದಿತು. 2010ರಲ್ಲಿ ಆ ತಿದ್ದಿದ ರೂಪ ಊರ್ಜಿತವಾಯಿತು. ಯುರೋಪಿನ ಪೇಟೆಂಟ್ ಕಚೇರಿ ಒನ್-ಕ್ಲಿಕ್ಕಿಗೆ ಪೇಟೆಂಟ್ ಕೊಡಲೇ ಇಲ್ಲ. ಕೆನಡಾ ವರ್ಷಗಟ್ಟಲೆ ಜಗ್ಗಾಡಿ ಕೊನೆಗೆ ಕೊಟ್ಟಿತು. ಅಮೆರಿಕದ ಪೇಟೆಂಟ್ 2017ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದು ಹೋಯಿತು.

ಅಷ್ಟರಲ್ಲಿ ಕಾನೂನೂ ಬದಲಾಗಿತ್ತು. ಅಮೆಜಾನ್ ಗೆದ್ದ 1999, ವ್ಯಾಪಾರ ವಿಧಾನಕ್ಕೂ ಪೇಟೆಂಟ್ ಉಂಟು ಎಂದು ಸ್ಟೇಟ್ ಸ್ಟ್ರೀಟ್ ತೀರ್ಪು ಬಂದ ಮರುವರ್ಷ. 2006ರಲ್ಲಿ ಈಬೇ ಪ್ರಕರಣದ ತೀರ್ಪು, ಉಲ್ಲಂಘನೆ ಸಾಬೀತಾದರೂ ಶಾಶ್ವತ ತಡೆಯಾಜ್ಞೆ ತಾನಾಗಿ ಹಿಂಬಾಲಿಸದು ಎಂದಿತು. 2012ರಿಂದ, ಮಂಜೂರಾದ ಪೇಟೆಂಟನ್ನು ಪೇಟೆಂಟ್ ಕಚೇರಿಯಲ್ಲೇ ಎದುರಾಳಿ ಪ್ರಶ್ನಿಸುವ ಹೊಸ ಬಗೆಯ ವಿಚಾರಣೆ ಶುರುವಾಯಿತು. 2014ರ ಆಲಿಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಮೂರ್ತ ವಿಚಾರವನ್ನು ಮಾಮೂಲಿ ಕಂಪ್ಯೂಟರಿನ ಮೇಲೆ ಓಡಿಸಿದ ಮಾತ್ರಕ್ಕೆ ಪೇಟೆಂಟ್ ಸಿಗದು ಎಂದಿತು. ಒನ್-ಕ್ಲಿಕ್ಕಿನ ಅರ್ಜಿ ಇವತ್ತು ಹೋದರೆ ಆಲಿಸ್‌ನ ಜರಡಿ ದಾಟುವುದು ಕಷ್ಟ ಎಂದೇ ನನ್ನ ಅಂದಾಜು.

ಬೆಂಗಳೂರಿನಿಂದ ನೋಡಿದರೆ

ಭಾರತದ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯಾಪಾರ ವಿಧಾನ, ಅಲ್ಗಾರಿದಂ ಮತ್ತು ಕೇವಲ ಕಂಪ್ಯೂಟರ್ ಪ್ರೋಗ್ರಾಂ ಆವಿಷ್ಕಾರಗಳಲ್ಲ. ತಾಂತ್ರಿಕ ಪರಿಣಾಮ ತೋರಿಸುವ ತಂತ್ರಾಂಶಕ್ಕೆ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದು ದೆಹಲಿ ಹೈಕೋರ್ಟ್ 2019ರ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿತು. ವ್ಯಾಪಾರ ವಿಧಾನದ ಮಟ್ಟಿಗೆ ನಿಷೇಧ ಸಂಪೂರ್ಣ ಎಂದು ಅದೇ ಹೈಕೋರ್ಟ್ 2023ರ ಓಪನ್‌ಟಿವಿ ಪ್ರಕರಣದಲ್ಲಿ ಹೇಳಿತು. ಅಲ್ಲಿ ತಕರಾರಿಗೆ ಬಂದದ್ದು ಡಿಜಿಟಲ್ ಮಾಧ್ಯಮವನ್ನು ಉಡುಗೊರೆಯಾಗಿ ಕೊಡುವ ವ್ಯವಸ್ಥೆ, ಒನ್-ಕ್ಲಿಕ್ಕಿನ ದಾಯಾದಿಯಂಥದ್ದೇ. ಮಂಜೂರಾತಿಗೆ ಮೊದಲೇ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದಾದ ಅವಕಾಶವೂ ನಮ್ಮ ಕಾಯ್ದೆಯಲ್ಲಿದೆ.

ಈ ರಕ್ಷಣೆ ದೇಶದ ಗಡಿಯವರೆಗೆ. ಪೇಟೆಂಟ್ ಹಕ್ಕು ಆಯಾ ದೇಶದ್ದು. ಕೋಡ್ ಎಲ್ಲಿ ಬರೆಯಲಾಯಿತು ಎಂಬುದಕ್ಕಿಂತ ತಂತ್ರಾಂಶ ಎಲ್ಲಿ ಮಾರಾಟವಾಗುತ್ತದೆ, ಎಲ್ಲಿ ಬಳಕೆಯಾಗುತ್ತದೆ ಎಂಬುದು ಮುಖ್ಯ. ವೈಟ್‌ಫೀಲ್ಡಿನಲ್ಲಿ ಕೂತು ಬರೆದ ಅಪ್ಲಿಕೇಶನ್ ಟೆಕ್ಸಾಸಿನ ಗ್ರಾಹಕನಿಗೆ ಮಾರಾಟವಾದರೆ ಅಲ್ಲಿನ ಪೇಟೆಂಟುಗಳು ಅನ್ವಯಿಸುತ್ತವೆ, 3(ಕೆ) ಅಲ್ಲಿ ನೆರವಿಗೆ ಬರುವುದಿಲ್ಲ.

ಪರದೇಶದ ಕಂಪನಿಗೆ ತಂತ್ರಾಂಶ ಕಟ್ಟಿಕೊಡುವ ನಮ್ಮ ಸಂಸ್ಥೆಗಳಿಗೆ ಇದು ನೇರವಾಗಿ ತಟ್ಟುವುದು ಒಪ್ಪಂದದ ನಷ್ಟಭರ್ತಿ ಕಲಮಿನಲ್ಲಿ. ಮೂರನೆಯವರು ಪೇಟೆಂಟ್ ದಾವೆ ಹೂಡಿದರೆ ಖರ್ಚು, ಪರಿಹಾರ ಎರಡನ್ನೂ ಕಟ್ಟಿಕೊಟ್ಟವರೇ ಹೊರಬೇಕು ಎಂದು ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಗ್ರಾಹಕ ಕಂಪನಿಯೇ ಪ್ರತಿಸ್ಪರ್ಧಿಯ ತೆರೆಚಿತ್ರಗಳನ್ನು (ಸ್ಕ್ರೀನ್‌ಶಾಟ್) ಕಳಿಸಿ 'ಹೀಗೇ ಬೇಕು' ಎಂದು ಕೇಳಿದ್ದರೂ, ವಿನಾಯಿತಿಯ ಸಾಲೊಂದು ಇಲ್ಲದಿದ್ದರೆ ಹೊರೆ ಬೆಂಗಳೂರಿನದೇ. ಗ್ರಾಹಕರ ಲಿಖಿತ ಸೂಚನೆಯಂತೆ ಕಟ್ಟಿದ ಭಾಗಕ್ಕೆ ನಷ್ಟಭರ್ತಿ ಅನ್ವಯಿಸದು ಎಂಬ ಸಾಲು, ಹೊಣೆಯ ಮೊತ್ತಕ್ಕೊಂದು ಮಿತಿ, ದಾವೆ ಬಂದಾಗ ಆ ಸೌಲಭ್ಯವನ್ನು ಬಾರ್ನ್ಸ್ ಅಂಡ್ ನೋಬಲ್ ಮಾಡಿದಂತೆ ಬದಲಿಸಿಕೊಡುವ ಹಕ್ಕು: ಸಹಿ ಹಾಕುವ ಮೊದಲು ಕೇಳಿದರೆ ಈ ಮೂರೂ ಸಿಗುವ ಸಾಧ್ಯತೆ ಇದೆ, ಗ್ರಾಹಕರ ತೆರೆಚಿತ್ರಗಳು ಬಂದ ಇಮೇಲನ್ನು ತೆಗೆದಿಟ್ಟುಕೊಳ್ಳುವುದಕ್ಕಂತೂ ಯಾರ ಅಪ್ಪಣೆಯೂ ಬೇಡ.